ಅದರ ಎಡ, ನನ್ನ ಬಲ

ನನ್ನ ಕ್ವಾಡ್‌ಕಾಪ್ಟರ್‌ನ, ಅಂದರೆ ನಾಲ್ಕು ಪ್ರೊಪೆಲ್ಲರ್‌ಗಳ ಪುಟ್ಟ ಡ್ರೋನ್‌ನ, ಮೊದಲ ಹಾರಾಟ ಎರಡು ಸೆಕೆಂಡಿಗಿಂತ ಹೆಚ್ಚು ನಡೆದಿರಲಾರದು. ರಿಮೋಟಿನ ಎಡಗಡೆಯ ಸ್ಟಿಕ್ಕನ್ನು ಹೆಬ್ಬೆರಳಿನಿಂದ ಸ್ವಲ್ಪ ಮೇಲಕ್ಕೆ ಸರಿಸಿದೆ, ನಾಲ್ಕೂ ಪ್ರೊಪೆಲ್ಲರ್‌ಗಳು ಗುಂಯ್‌ಗುಟ್ಟಿದವೇ ಹೊರತು ಯಂತ್ರ ನೆಲ ಬಿಡಲಿಲ್ಲ. ಇನ್ನೂ ಸ್ವಲ್ಪ ಸರಿಸಿದೆ, ಅದು ಒಂದು ಪಕ್ಕಕ್ಕೆ ಜಾರತೊಡಗಿತು. ಜಾರಿದ್ದನ್ನು ಕಂಡು ಗಾಬರಿಯಾಗಿ ಸ್ಟಿಕ್ಕನ್ನು ಪೂರ್ತಿ ಮೇಲಕ್ಕೆ ತಳ್ಳಿದೆ; ಅದು ನೆಟ್ಟಗೆ ಹೋಗಿ ಚಾವಣಿಗೆ ಬಡಿದು, ನೆಲದ ಮೇಲೆ ಅಂಗಾತ ಬಿದ್ದಿತು. ಬಿದ್ದ ಮೇಲೂ ಪ್ರೊಪೆಲ್ಲರ್‌ಗಳು ನೆಲವನ್ನು ಕೆರೆಯುತ್ತ ತಿರುಗುತ್ತಲೇ ಇದ್ದವು, ಏಕೆಂದರೆ ನನ್ನ ಹೆಬ್ಬೆರಳು ಇನ್ನೂ ಮೇಲೆಯೇ ಇತ್ತು.

ಅಂದಿನಿಂದ ಇಂದಿನವರೆಗೆ ನೂರ ಮೂವತ್ತರ ಹತ್ತಿರ ಬ್ಯಾಟರಿಗಳಷ್ಟು ಹಾರಿಸಿದ್ದೇನೆ. ನಾನು ಅಭ್ಯಾಸವನ್ನು ಗಂಟೆಗಳಲ್ಲಿ ಎಣಿಸುವುದಿಲ್ಲ, ಬ್ಯಾಟರಿಗಳಲ್ಲಿ ಎಣಿಸುತ್ತೇನೆ. ನನ್ನದು ಅಂಗೈಯಲ್ಲಿ ಕೂರುವ, ಸುಮಾರು 40 ಗ್ರಾಂ ತೂಗುವ, ಕ್ಯಾಮೆರಾ ಇಲ್ಲದ ಕಲಿಕೆಯ ಯಂತ್ರ. ಅದನ್ನು ಹಾರಿಸುವುದು 3.7 ವೋಲ್ಟ್‌ನ ಒಂದೇ ಒಂದು ಲಿಥಿಯಂ ಪಾಲಿಮರ್ ಸೆಲ್. ಚಾರ್ಜ್ ಆದ ಬ್ಯಾಟರಿ ಆರೇಳು ನಿಮಿಷ ಬರುತ್ತದೆ, ಮತ್ತೆ ತುಂಬಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಹೀಗಾಗಿ ಮೂರು ಬ್ಯಾಟರಿ ಇಟ್ಟುಕೊಂಡವನಿಗೆ ಒಂದು ಸಲಕ್ಕೆ ದಕ್ಕುವುದು ಇಪ್ಪತ್ತು ನಿಮಿಷದ ಹಾರಾಟ, ಉಳಿದದ್ದೆಲ್ಲ ಕಾಯುವುದು. ಮೊದಮೊದಲು ಇದೊಂದು ದೊಡ್ಡ ಕೊರತೆಯೆನಿಸಿತ್ತು. ಆದರೆ ಕೈ ದಣಿದು ತಪ್ಪುಗಳನ್ನೇ ರೂಢಿ ಮಾಡಿಕೊಳ್ಳುವ ಮೊದಲೇ ಬ್ಯಾಟರಿ ನನ್ನನ್ನು ತಡೆಯುತ್ತಿತ್ತು ಎಂಬುದು ತಡವಾಗಿ ತಿಳಿಯಿತು. ಒಂದು ಬ್ಯಾಟರಿಗೆ ಒಂದೇ ಅಭ್ಯಾಸ ಎಂದು ಗೊತ್ತುಮಾಡಿಕೊಂಡು, ಏನಾಯಿತೆಂಬುದನ್ನು ಚಿಕ್ಕದೊಂದು ಪುಸ್ತಕದಲ್ಲಿ ಬರೆಯುತ್ತ ಬಂದಿದ್ದೇನೆ. ಇಲ್ಲಿ ಬರುವ ಲೆಕ್ಕಗಳೆಲ್ಲ ಆ ಪುಸ್ತಕದವು.

ಯಂತ್ರದ ರಚನೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಪೇಚಾಟಗಳೆಲ್ಲ ಅದರಿಂದಲೇ ಹುಟ್ಟಿದವು. ನಾಲ್ಕು ಮೂಲೆಗಳಲ್ಲಿ ನಾಲ್ಕು ಮೋಟಾರುಗಳಿವೆ. ಕರ್ಣದ ತುದಿಗಳಲ್ಲಿರುವ ಎರಡು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದರೆ, ಇನ್ನೊಂದು ಕರ್ಣದ ಎರಡು ಅದರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಪ್ರೊಪೆಲ್ಲರ್ ಒಂದು ಕಡೆಗೆ ತಿರುಗಿದಾಗ ಒಡಲು ಇನ್ನೊಂದು ಕಡೆಗೆ ತಿರುಗಲು ಹವಣಿಸುತ್ತದೆಯಷ್ಟೆ. ಎರಡು ಜೋಡಿಗಳು ವಿರುದ್ಧವಾಗಿ ತಿರುಗುವುದರಿಂದ ಆ ಎಳೆತಗಳು ಪರಸ್ಪರ ಅಳಿಸಿಹೋಗಿ ಯಂತ್ರ ಸ್ಥಿರವಾಗಿ ನಿಲ್ಲುತ್ತದೆ. ಮುಖ ತಿರುಗಿಸಬೇಕಾದರೆ ಒಂದು ಜೋಡಿಯ ವೇಗವನ್ನು ಹೆಚ್ಚಿಸಿ ಇನ್ನೊಂದರದನ್ನು ತಗ್ಗಿಸಿದರೆ ಆಯಿತು. ಮುಂದೆ ಹೋಗಬೇಕಾದರೆ ಹಿಂದಿನ ಎರಡು ಮೋಟಾರುಗಳು ಜೋರಾಗಿ ತಿರುಗಿ ಒಡಲನ್ನು ಮುಂದಕ್ಕೆ ವಾಲಿಸುತ್ತವೆ. ಚುಕ್ಕಾಣಿಯಿಲ್ಲ, ಬಾಲವಿಲ್ಲ, ಓರೆಯಾಗುವ ಬ್ಲೇಡುಗಳಿಲ್ಲ; ಇರುವುದು ನಾಲ್ಕು ವೇಗಗಳು ಮಾತ್ರ.

ಇಷ್ಟು ಸರಳವಾದದ್ದು ನೂರು ವರ್ಷ ಮೊದಲೇ ಮನೆಮಾತಾಗಬೇಕಿತ್ತಲ್ಲ ಎಂದು ಹಳೆಯ ವಿವರಗಳನ್ನು ಹುಡುಕಿ ಓದಿದೆ. 1907ರಲ್ಲಿ ಫ್ರಾನ್ಸಿನ ಬ್ರೆಗೆ ಸಹೋದರರು ಪ್ರೊಫೆಸರ್ ಶಾರ್ಲ್ ರಿಶೆ ಅವರೊಂದಿಗೆ ಕಟ್ಟಿದ ನಾಲ್ಕು ರೋಟರುಗಳ ಯಂತ್ರ ಮನುಷ್ಯನೊಬ್ಬನನ್ನು ಹೊತ್ತು ನೆಲದಿಂದ ಮೇಲೆದ್ದದ್ದು ನಿಜ, ಆದರೆ ಅದು ಮಗುಚದಂತೆ ನಾಲ್ಕು ಮಂದಿ ಅದರ ತೋಳುಗಳನ್ನು ಹಿಡಿದು ನಿಲ್ಲಬೇಕಾಗಿತ್ತು. ಅದೇ ದೇಶದ ಎತಿಯೆನ್ ಒಮಿಶೆನ್ 1924ರ ಮೇ 4ರಂದು ತಮ್ಮ ನಾಲ್ಕು ರೋಟರುಗಳ ಯಂತ್ರದಲ್ಲಿ ಒಂದು ಕಿಲೋಮೀಟರ್ ಸುತ್ತು ಹಾಕಿ ಹೊರಟಲ್ಲಿಗೇ ಬಂದಿಳಿದರು. ಅದಕ್ಕೆ ಹಿಡಿದದ್ದು 7 ನಿಮಿಷ 40 ಸೆಕೆಂಡು, ಅಂದರೆ ಹೆಚ್ಚುಕಡಿಮೆ ನನ್ನ ಒಂದು ಬ್ಯಾಟರಿ. ಸಮತೋಲ, ದಿಕ್ಕು ಮತ್ತು ಮುನ್ನಡೆಗಾಗಿ ಅವರ ಯಂತ್ರದಲ್ಲಿ ಇನ್ನೂ ಎಂಟು ಪ್ರೊಪೆಲ್ಲರ್‌ಗಳಿದ್ದವು. ಅಂದು ತೋಳು ಹಿಡಿದು ನಿಂತಿದ್ದ ಆ ನಾಲ್ವರ ಕೆಲಸವನ್ನು ಇಂದು ಉಗುರಿಗಿಂತ ಚಿಕ್ಕದಾದ ಒಂದು ಚಿಪ್ ಮಾಡುತ್ತಿದೆ. ಯಂತ್ರ ಎಷ್ಟು ವೇಗವಾಗಿ ವಾಲುತ್ತಿದೆ ಎಂಬುದನ್ನು ಚಿಪ್‌ನೊಳಗಿನ ಜೈರೊ ತಿಳಿಸುತ್ತದೆ, ಕೆಳಗು ಯಾವುದು ಎಂಬುದನ್ನು ಆಕ್ಸೆಲರೋಮೀಟರ್. ಸೆಕೆಂಡಿಗೆ ನೂರಾರು ಸಲ ಲೆಕ್ಕ ಹಾಕಿ ನಾಲ್ಕು ವೇಗಗಳನ್ನು ತಿದ್ದುವ ಕೆಲಸ ನಡೆದೇ ಇರುತ್ತದೆ. ಮನುಷ್ಯನ ಬೆರಳಿಗೆ ಎಂದೂ ಸಾಧ್ಯವಾಗದ ಕೆಲಸವದು. ಆ ಮಟ್ಟಿಗೆ ಕ್ವಾಡ್‌ಕಾಪ್ಟರ್ ನನಗಿಂತ ಮೊದಲೇ ಹಾರಲು ಕಲಿತು ಬಂದಿತ್ತು. ಹಾಗಾದರೆ ನಾನು ಕಲಿಯಬೇಕಾದದ್ದೇನು ಎಂಬುದು ಗೊತ್ತಾಗಲು ಇಪ್ಪತ್ತು ಬ್ಯಾಟರಿ ಬೇಕಾಯಿತು.

ನನ್ನ ರಿಮೋಟ್ ಮೋಡ್ 2 ಎಂಬ ಜೋಡಣೆಯದು. ಎಡಗಡೆಯ ಸ್ಟಿಕ್ ಮೇಲೆ ಕೆಳಗೆ ಹೋದರೆ ಥ್ರಾಟಲ್, ಅಂದರೆ ನಾಲ್ಕೂ ಮೋಟಾರುಗಳ ವೇಗವನ್ನು ಒಟ್ಟಿಗೆ ಏರಿಸಿ ಇಳಿಸುವುದು; ಅಕ್ಕಪಕ್ಕಕ್ಕೆ ಹೋದರೆ ಯಾ, ಅಂದರೆ ನಿಂತಲ್ಲೇ ಮುಖ ತಿರುಗಿಸುವುದು. ಬಲಗಡೆಯದು ಮುಂದೆ ಹಿಂದೆ ವಾಲಿಸುವ ಪಿಚ್ ಮತ್ತು ಪಕ್ಕಕ್ಕೆ ವಾಲಿಸುವ ರೋಲ್. ಮೊದಲ ಹತ್ತು ಬ್ಯಾಟರಿಗಳನ್ನು ಬರೀ ಥ್ರಾಟಲ್‌ಗೆ ಮೀಸಲಿಟ್ಟೆ. ಎತ್ತರವನ್ನು ತಾನೇ ಕಾಯ್ದುಕೊಳ್ಳುವ ಒತ್ತಡಮಾಪಕ ನನ್ನ ಯಂತ್ರದಲ್ಲಿಲ್ಲ. ಅದಿರುವ ಮಾದರಿಗಳಲ್ಲಿ ಸ್ಟಿಕ್ ಬಿಟ್ಟರೂ ಯಂತ್ರ ಅದೇ ಎತ್ತರದಲ್ಲಿ ನಿಲ್ಲುತ್ತದೆ. ಇಲ್ಲದಿರುವುದೇ ಒಳ್ಳೆಯದಾಯಿತು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಹೆಬ್ಬೆರಳಿಗೆ ಸೂಕ್ಷ್ಮತೆ ಬಂದದ್ದು ಆ ಹತ್ತು ಬ್ಯಾಟರಿಗಳಲ್ಲಿ. ಯಂತ್ರ ಕೆಳಗಿಳಿಯುವುದು ಕಣ್ಣಿಗೆ ಕಂಡ ಮೇಲೆ ಥ್ರಾಟಲ್ ಏರಿಸಿದರೆ ಅಷ್ಟರಲ್ಲಿ ತಡವಾಗಿರುತ್ತದೆ. ಆ ತಡವನ್ನು ತುಂಬಲು ಹೆಚ್ಚೇ ಏರಿಸುತ್ತೇವೆ, ಅದು ಹಾರಿ ಮೇಲೆ ಹೋಗುತ್ತದೆ, ಗಾಬರಿಯಿಂದ ಇಳಿಸುತ್ತೇವೆ, ಅದು ಬೀಳುತ್ತದೆ. ಸ್ಟಿಕ್ಕನ್ನು ತಳ್ಳುವುದಲ್ಲ, ಒಂದು ಕೂದಲೆಳೆಯಷ್ಟು ಒತ್ತಿ ಕಾಯುವುದು ಎಂದು ಹನ್ನೊಂದನೆಯ ಬ್ಯಾಟರಿಯ ಮುಂದೆ ಬರೆದಿದ್ದೇನೆ. ಇದಲ್ಲದೆ ಬ್ಯಾಟರಿ ಇಳಿಯುತ್ತ ಹೋದಂತೆ ವೋಲ್ಟೇಜ್ ಕಡಿಮೆಯಾಗುವುದರಿಂದ, ಮೊದಲ ನಿಮಿಷದಲ್ಲಿ ಯಂತ್ರವನ್ನು ಗಾಳಿಯಲ್ಲಿ ನಿಲ್ಲಿಸಿದ್ದ ಸ್ಟಿಕ್‌ನ ಜಾಗ ಐದನೆಯ ನಿಮಿಷದಲ್ಲಿ ಸಾಲುವುದಿಲ್ಲ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಬೆರಳು ತಾನೇ ಕಂಡುಕೊಳ್ಳುತ್ತದೆ.

ಇದರ ನಡುವೆ ಟ್ರಿಮ್ ಎಂಬ ಸಣ್ಣ ಗುಂಡಿಗಳ ಮೋಹಕ್ಕೆ ಬಿದ್ದದ್ದನ್ನೂ ಒಪ್ಪಿಕೊಳ್ಳಬೇಕು. ಕೈ ಬಿಟ್ಟರೂ ಯಂತ್ರ ಒಂದು ಕಡೆಗೆ ಸರಿಯುತ್ತಿದ್ದರೆ ಆ ಗುಂಡಿಗಳಿಂದ ತಿದ್ದಬಹುದು. ನನ್ನ ಯಂತ್ರ ಒಂದು ದಿನ ಎಡಕ್ಕೆ ಸರಿದರೆ ಮರುದಿನ ಬಲಕ್ಕೆ ಸರಿಯುತ್ತಿತ್ತು, ನಾನು ಒತ್ತುತ್ತಲೇ ಇದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ತಪ್ಪೆಲ್ಲ ಟ್ರಿಮ್‌ನದೇ ಎಂದು ನಂಬಿದ್ದೆ. ತಮಾಷೆಯೆಂದರೆ ಈ ಗಾದೆಯನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು: ನಾನು ಬ್ಯಾಟರಿ ಜೋಡಿಸಿ ಯಂತ್ರವನ್ನು ಇಡುತ್ತಿದ್ದ ಜಾಗವೇ ಡೊಂಕಾಗಿತ್ತು. ಚಾಲೂ ಮಾಡಿದ ಕ್ಷಣದಲ್ಲಿ ಆ ಚಿಪ್ ತಾನಿರುವ ಸ್ಥಿತಿಯನ್ನೇ ಸಮತಟ್ಟೆಂದು ನೆನಪಿಟ್ಟುಕೊಳ್ಳುವುದರಿಂದ, ಹಾಸಿಗೆಯ ಮೇಲೋ ಮೊಣಕಾಲಿನ ಮೇಲೋ ಇಟ್ಟು ಚಾಲೂ ಮಾಡಿದರೆ ಅದು ಆ ಓರೆಯನ್ನೇ ಹಿಡಿದುಕೊಂಡು ಹಾರುತ್ತದೆ. ಗಟ್ಟಿಯಾದ ಸಮತಟ್ಟು ನೆಲದ ಮೇಲಿಟ್ಟು, ದೀಪಗಳ ಮಿಟುಕು ನಿಲ್ಲುವವರೆಗೆ ಮುಟ್ಟದೆ ಇದ್ದ ದಿನದಿಂದ ಟ್ರಿಮ್ ಗುಂಡಿಗಳ ತಂಟೆಗೆ ಹೆಚ್ಚು ಹೋಗಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹದಿನೈದನೆಯ ಬ್ಯಾಟರಿಯ ಹೊತ್ತಿಗೆ ಯಂತ್ರವನ್ನು ಎದೆಯೆತ್ತರದಲ್ಲಿ ಅರ್ಧ ನಿಮಿಷ ನಿಲ್ಲಿಸಬಲ್ಲವನಾಗಿದ್ದೆ, ಆದರೆ ಅದರ ಬೆನ್ನು ನನ್ನ ಕಡೆಗಿದ್ದಾಗ ಮಾತ್ರ. ಆಗ ಅದರ ಎಡವೂ ನನ್ನ ಎಡವೂ ಒಂದೇ. ಒಂದು ಸಂಜೆ ಅದು ಮೆಲ್ಲಗೆ ತಿರುಗಿ ನನ್ನ ಕಡೆ ಮುಖ ಮಾಡಿತು. ಬಲಕ್ಕೆ ಸರಿಯುತ್ತಿದ್ದ ಅದನ್ನು ತಡೆಯಲು ಸ್ಟಿಕ್ಕನ್ನು ಎಡಕ್ಕೆ ಒತ್ತಿದೆ, ಅದು ಇನ್ನೂ ಬಲಕ್ಕೆ ಹೋಯಿತು. ಇನ್ನೂ ಒತ್ತಿದೆ, ಇನ್ನೂ ಜೋರಾಗಿ ಹೋಗಿ ಗೋಡೆಗೆ ಅಪ್ಪಳಿಸಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದು ಇಂಥದ್ದಕ್ಕೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ತಂಗಿ ಆಗ ಕೇಳಿದಳು: “ಅಣ್ಣಾ, ಅದಕ್ಕೆ ಮುಖ ಯಾವುದು?”

ಕೇಳಿದ್ದು ಕುತೂಹಲಕ್ಕೆ, ಆದರೆ ಹಾರಿಸುತ್ತಿದ್ದವನಿಗೇ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ವಿಮಾನಕ್ಕೆ ಮೂಗೂ ಬಾಲವೂ ಇರುತ್ತವೆ, ದೂರದಿಂದಲೇ ಗುರುತು ಸಿಗುತ್ತದೆ. ನಾಲ್ಕೂ ಕಡೆ ಒಂದೇ ತೆರನಾಗಿರುವ ಈ ಜೇಡನಂಥ ಯಂತ್ರಕ್ಕೆ ಆಕಾರದ ಗುರುತಿಲ್ಲ. ಆದ್ದರಿಂದಲೇ ಮುಂದಿನ ಎರಡು ಪ್ರೊಪೆಲ್ಲರ್‌ಗಳಿಗೆ ಒಂದು ಬಣ್ಣ, ಹಿಂದಿನವಕ್ಕೆ ಇನ್ನೊಂದು. ಮುಂದೆ ಬಿಳಿ ದೀಪ, ಹಿಂದೆ ಕೆಂಪು. ಇದನ್ನೆಲ್ಲ ಅಲಂಕಾರವೆಂದೇ ಬಗೆದಿದ್ದೆ. ಪ್ರೊಪೆಲ್ಲರ್ ತಿರುಗುವಾಗ ಬಣ್ಣ ಮಸುಕಾಗುವುದರಿಂದ ಮುಂಭಾಗಕ್ಕೆ ಕಿತ್ತಳೆ ಬಣ್ಣದ ಟೇಪಿನ ಚೂರೊಂದನ್ನೂ ಅಂಟಿಸಿದೆ. ಅಲ್ಲಿಂದ ಮುಂದಿನ ಅರವತ್ತು ಬ್ಯಾಟರಿಗಳು ಒಂದೇ ಕೆಲಸಕ್ಕೆ ಖರ್ಚಾದವು: ನನ್ನ ಎಡಬಲಗಳನ್ನು ಕೈಬಿಟ್ಟು ಅದರ ಎಡಬಲಗಳನ್ನು ಹಿಡಿದುಕೊಳ್ಳುವುದು.

ಇದಕ್ಕೆ ನಾನು ಅನುಸರಿಸಿದ ದಾರಿ ನಿಧಾನದ್ದು. ಒಮ್ಮೆಗೇ ಮುಖ ತಿರುಗಿಸದೆ, ಗಡಿಯಾರದ ಒಂದು ಗಂಟೆಯಷ್ಟು ಓರೆ ಮಾಡಿ ನಿಲ್ಲಿಸುವುದು. ಅದು ಸಲೀಸಾದ ಮೇಲೆ ಎರಡು ಗಂಟೆಯಷ್ಟು. ಆಮೇಲೆ ಪಕ್ಕಕ್ಕೆ ಪೂರ್ತಿ. ಯಂತ್ರ ಪಕ್ಕಕ್ಕೆ ಮುಖ ಮಾಡಿದಾಗ ನಾನೂ ಭುಜವನ್ನು ಅದೇ ಕಡೆಗೆ ಓರೆ ಮಾಡಿ ನಿಲ್ಲುತ್ತಿದ್ದೆ, ನೋಡುವವರಿಗೆ ನಗು ಬರುತ್ತಿದ್ದಿರಬಹುದು, ಆದರೆ ಅದರಿಂದ ಉಪಯೋಗವಾಯಿತು. ಪೂರ್ತಿ ಎದುರು ಮುಖಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಬೆನ್ನು ತಿರುಗಿಸಿ ನಿಂತು ಹಾರಿಸಲಾಗುವುದಿಲ್ಲವಲ್ಲ. ಅಲ್ಲಿ ನೆರವಾದದ್ದು ರಿಮೋಟ್ ವಿಮಾನ ಹಾರಿಸುವವರು ಹೇಳುವ ಒಂದು ಹಳೆಯ ಸೂತ್ರ: ಎದುರಿಗೆ ಬರುತ್ತಿರುವ ಯಂತ್ರದ ಯಾವ ಬದಿ ಕೆಳಗೆ ವಾಲಿದೆಯೋ ಆ ಬದಿಗೆ ಸ್ಟಿಕ್ ಒತ್ತಿ, ಬೀಳುತ್ತಿರುವುದಕ್ಕೆ ಊರುಗೋಲು ಕೊಟ್ಟಂತೆ. ಹೀಗೆ ಮಾಡಿದರೆ ಎಡ ಯಾವುದು, ಬಲ ಯಾವುದು ಎಂದು ಯೋಚಿಸಬೇಕಾಗಿಯೇ ಇಲ್ಲ, ಕಣ್ಣಿಗೆ ಕಂಡ ಕಡೆಗೆ ಕೈ ಹೋದರೆ ಸಾಕು. ಆದರೂ ಇದು ಊರುಗೋಲೇ. ಎಂಬತ್ತನೆಯ ಬ್ಯಾಟರಿಯ ಸುಮಾರಿಗೆ ಒಂದು ದಿನ, ಸೂತ್ರವನ್ನು ನೆನಪಿಸಿಕೊಳ್ಳದೆಯೇ ಎದುರು ಮುಖದಲ್ಲಿ ಒಂದು ನಿಮಿಷ ನಿಲ್ಲಿಸಿದ್ದೆ ಎಂಬುದು ಬ್ಯಾಟರಿ ಮುಗಿದ ಮೇಲೆ ಹೊಳೆಯಿತು. ಅಂದು ಯಾವುದು ಬದಲಾಯಿತೆಂದು ಹೇಳಲಾರೆ. ಯಂತ್ರದೊಳಗೆ ಕುಳಿತು ನನ್ನನ್ನೇ ನೋಡುತ್ತಿದ್ದ ಹಾಗಿತ್ತು.

ನನ್ನ ರಿಮೋಟಿನಲ್ಲಿ ಹೆಡ್‌ಲೆಸ್ ಎಂಬ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಯಂತ್ರದ ಮುಖ ಎತ್ತ ಇದ್ದರೂ ಸ್ಟಿಕ್ ಬಲಕ್ಕೆ ತಳ್ಳಿದಾಗ ಅದು ನನ್ನ ಬಲಕ್ಕೇ ಹೋಗುತ್ತದೆ. ಹೊಸಬರಿಗೆ ಅನುಕೂಲವೆಂದು ಇದನ್ನು ಹೊಗಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಹಾರುವ ಮೊದಲು ಯಾವ ದಿಕ್ಕನ್ನು ನೆನಪಿಟ್ಟುಕೊಂಡಿತ್ತೋ ಅದನ್ನೇ ಅದು ನಂಬಿರುತ್ತದೆ. ಎರಡು ಸಲ ಗೋಡೆಗೆ ತಾಗಿ, ಜೈರೊದ ಲೆಕ್ಕ ತುಸು ತಪ್ಪಿದರೆ ಅದರ ಬಲವೂ ನನ್ನ ಬಲವೂ ಬೇರೆಯಾಗುತ್ತವೆ, ಮುಖದ ಕಡೆ ನೋಡುವ ಅಭ್ಯಾಸವೇ ಇಲ್ಲದವನಿಗೆ ಆಗ ಯಾವ ಆಸರೆಯೂ ಇರುವುದಿಲ್ಲ. ಆ ಗುಂಡಿಯ ಮೇಲೂ ಒಂದು ಚೂರು ಟೇಪು ಅಂಟಿಸಿದ್ದೇನೆ.

ಚಲನೆಯ ವಿಷಯದಲ್ಲಿ ನನಗಿದ್ದ ಇನ್ನೊಂದು ತಪ್ಪು ಕಲ್ಪನೆ ನಿಲ್ಲಿಸುವುದರ ಬಗ್ಗೆ. ಸ್ಟಿಕ್ ಬಿಟ್ಟರೆ ಯಂತ್ರ ಸಮತಟ್ಟಾಗುತ್ತದೆ, ನಿಜ. ಆದರೆ ಸಮತಟ್ಟಾಗುವುದೂ ನಿಲ್ಲುವುದೂ ಒಂದೇ ಅಲ್ಲ. ಗಳಿಸಿದ ವೇಗದಲ್ಲಿ ಅದು ಜಾರುತ್ತಲೇ ಇರುತ್ತದೆ, ನಿಲ್ಲಬೇಕಾದರೆ ವಿರುದ್ಧ ದಿಕ್ಕಿಗೆ ಅಷ್ಟೇ ಮೃದುವಾಗಿ ಒತ್ತಿ ಬಿಡಬೇಕು. ಅದೇ ರೀತಿ ಮುಂದಕ್ಕೆ ವಾಲಿಸಿದಾಗ ಎತ್ತುವ ಬಲದ ಒಂದು ಪಾಲು ಮುಂದೆ ತಳ್ಳುವುದಕ್ಕೆ ಹೋಗುವುದರಿಂದ ಯಂತ್ರ ಕೆಳಗಿಳಿಯುತ್ತದೆ, ವಾಲಿಸಿದಷ್ಟೂ ಥ್ರಾಟಲ್ ಸೇರಿಸಬೇಕು. ಇಳಿಸುವಾಗಲೂ ಹಾಗೆ, ನೆಲಕ್ಕೆ ಒಂದು ಗೇಣು ಉಳಿದಾಗ ಕೆಳಗೆ ತಳ್ಳಿದ ಗಾಳಿಯೇ ಮೆತ್ತೆಯಂತಾಗಿ ಯಂತ್ರ ತೇಲಾಡತೊಡಗುತ್ತದೆ. ಅಲ್ಲಿ ಹಿಂಜರಿಯದೆ ಥ್ರಾಟಲ್ ತೆಗೆದುಬಿಡಬೇಕು. ಎತ್ತರದಿಂದ ನೇರವಾಗಿ ರಭಸದಿಂದ ಇಳಿಸಿದರೆ ಅದು ತಾನೇ ಕಲಕಿದ ಗಾಳಿಯೊಳಗೆ ಸಿಕ್ಕಿ ತತ್ತರಿಸುವುದುಂಟು, ಸ್ವಲ್ಪ ಮುಂದೆ ಸರಿಯುತ್ತ ಇಳಿಸಿದರೆ ಆ ತೊಂದರೆಯಿಲ್ಲ.

ರಿಪೇರಿಯ ಬಗ್ಗೆ ಎರಡು ಮಾತು. ಮುರಿದ ಪ್ರೊಪೆಲ್ಲರ್ ಬದಲಿಸಿದ ದಿನ ಯಂತ್ರ ಮೇಲೇಳುವ ಬದಲು ಒಂದು ಮೂಲೆಗೆ ಪಲ್ಟಿ ಹೊಡೆಯಿತು. ಮತ್ತೆ ಮತ್ತೆ ಇಟ್ಟೆ, ಮತ್ತೆ ಮತ್ತೆ ಅದೇ ಮೂಲೆಗೆ ಮಗುಚಿತು. ಮೋಟಾರ್ ಸುಟ್ಟಿತೆಂದು ಬೇಸರದಿಂದ ಎರಡು ದಿನ ಬದಿಗಿಟ್ಟಿದ್ದೆ. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದಾಗ ಪ್ರೊಪೆಲ್ಲರ್‌ನ ಬುಡದಲ್ಲಿ ಎ ಮತ್ತು ಬಿ ಎಂಬ ಅಕ್ಷರಗಳು ಕಂಡವು: ಎರಡು ದಿಕ್ಕಿಗೆ ತಿರುಗುವ ಮೋಟಾರುಗಳಿಗೆ ಎರಡು ಬಗೆಯ ಓರೆ. ಎ ಇರಬೇಕಾದಲ್ಲಿ ಬಿ ಹಾಕಿದ್ದರಿಂದ ಆ ಮೂಲೆ ಗಾಳಿಯನ್ನು ಮೇಲಕ್ಕೆ ತಳ್ಳಿ ತನ್ನನ್ನು ತಾನೇ ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಇನ್ನೊಮ್ಮೆ ಯಂತ್ರ ಸೊರಗಿ ಒಂದು ಕಡೆಗೆ ವಾಲತೊಡಗಿದಾಗ ಪ್ರೊಪೆಲ್ಲರ್ ಕಿತ್ತು ನೋಡಿದರೆ, ನೆಲದ ಮೇಲಿದ್ದ ತಲೆಗೂದಲು ಮೋಟಾರಿನ ದಂಡಕ್ಕೆ ದಾರದುಂಡೆಯಂತೆ ಸುತ್ತಿಕೊಂಡಿತ್ತು. ಚಿಮಟದಿಂದ ಬಿಡಿಸಿದ ಮೇಲೆ ಸರಿಹೋಯಿತು. ಅಂದಿನಿಂದ ಹಾರಿಸುವ ಮೊದಲು ಕಸ ಗುಡಿಸುವುದು ನನ್ನ ಪಾಲಿಗೆ ಬಂದಿದೆ, ಮನೆಯವರಿಗೆ ಈ ಹವ್ಯಾಸದಿಂದ ಆಗಿರುವ ಒಂದೇ ಲಾಭವದು. ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಎಂದೂ ಉಪೇಕ್ಷೆ ಮಾಡುವುದಿಲ್ಲ. ಹಾರಿಸಿದ ಕೂಡಲೇ ಬಿಸಿ ಇರುವಾಗ ಚಾರ್ಜಿಗೆ ಹಾಕುವುದಿಲ್ಲ, ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗುವುದಿಲ್ಲ, ದೀಪ ಮಿಟುಕತೊಡಗಿದರೆ ಇಳಿಸುತ್ತೇನೆ, ಊದಿಕೊಂಡದ್ದನ್ನು ಮತ್ತೆ ಬಳಸುವುದಿಲ್ಲ.

ತೊಂಬತ್ತೆರಡನೆಯ ಬ್ಯಾಟರಿಯಲ್ಲಿ ಮೊದಲ ಸಲ ಬಯಲಿಗೆ ಒಯ್ದೆ. ಹಲವು ದೇಶಗಳ ನಿಯಮಗಳಲ್ಲಿ 250 ಗ್ರಾಂ ಎಂಬುದೊಂದು ಗಡಿ, ನನ್ನದು ಅದರ ಆರನೆಯ ಒಂದು ಭಾಗವೂ ತೂಗುವುದಿಲ್ಲ. ಆದರೂ ಹಾರಿಸುವ ಜಾಗದ ನಿಯಮ ಓದಿಕೊಂಡು, ಜನರಿಲ್ಲದ ಕಡೆ, ನಸುಕಿನಲ್ಲಿ ಹೋದೆ. ಅಷ್ಟು ಹಗುರವಾಗಿರುವುದೇ ಅಲ್ಲಿ ಶತ್ರುವಾಯಿತು. ನೆಲದ ಮೇಲೆ ಹುಲ್ಲೂ ಅಲುಗುತ್ತಿರಲಿಲ್ಲ, ಮರದ ತುದಿಯೆತ್ತರಕ್ಕೆ ಏರಿದೊಡನೆ ಯಂತ್ರ ನನ್ನಿಂದ ದೂರ ಸರಿಯತೊಡಗಿತು. ಪೂರ್ತಿ ನನ್ನ ಕಡೆಗೆ ವಾಲಿಸಿದರೂ ಅದು ಹಿಂದಕ್ಕೇ ಹೋಗುತ್ತಿತ್ತು, ಏಕೆಂದರೆ ಕಲಿಕೆಯ ಮೋಡ್‌ನಲ್ಲಿ ವಾಲುವ ಕೋನಕ್ಕೊಂದು ಮಿತಿಯಿದೆ, ಗಾಳಿಯ ವೇಗ ಆ ಮಿತಿಯನ್ನು ಮೀರಿತ್ತು. ಚುಕ್ಕಿಯಷ್ಟಾದ ಅದರ ಮುಖ ಎತ್ತ ಇದೆಯೆಂಬುದು ಕಾಣದೆ, ಕಲಿತ ವಿದ್ಯೆಯೆಲ್ಲ ಕೈಕೊಟ್ಟ ಗಳಿಗೆಯದು. ಆಗ ಮನಸ್ಸು ಹೇಳಿದ್ದು ಇನ್ನಷ್ಟು ಮೇಲೇರಿಸು ಎಂದು, ಮೊದಲ ದಿನ ಚಾವಣಿಯ ಕೆಳಗೆ ಹೇಳಿದ ಹಾಗೆಯೇ. ಅದಕ್ಕೆ ಕಿವಿಗೊಡದೆ ಥ್ರಾಟಲ್ ಇಳಿಸಿದೆ. ಕೆಳಗೆ ಬಂದಂತೆ ಗಾಳಿ ಕಡಿಮೆಯಾಗಿ, ಎತ್ತರದ ಹುಲ್ಲಿನೊಳಗೆ ಎಲ್ಲೋ ಬಿದ್ದಿತು. ಕಣ್ಣಿಟ್ಟಿದ್ದ ಒಂದು ಪೊದೆಯ ನೇರಕ್ಕೆ ನಡೆದು ಅರ್ಧ ಗಂಟೆ ಹುಡುಕಿದ ಮೇಲೆ ಕಂಡದ್ದು ಯಂತ್ರವಲ್ಲ, ಮಿಟುಕುತ್ತಿದ್ದ ಕೆಂಪು ದೀಪ.

ಈಗ ನಡೆಸುತ್ತಿರುವ ಅಭ್ಯಾಸ ಎಂಟರ ಆಕಾರದ್ದು. ಎರಡು ಕುರ್ಚಿಗಳನ್ನು ಎರಡು ಮಾರು ದೂರದಲ್ಲಿಟ್ಟು, ಒಂದನ್ನು ಎಡದಿಂದಲೂ ಇನ್ನೊಂದನ್ನು ಬಲದಿಂದಲೂ ಸುತ್ತಿ ಬರುವುದು, ಮುಖ ಯಾವಾಗಲೂ ಹೋಗುವ ದಿಕ್ಕಿಗೇ ಇರಬೇಕು. ಯಾ ಒಂದರಿಂದಲೇ ತಿರುಗಿಸಿದರೆ ಮುಖ ಮಾತ್ರ ತಿರುಗುತ್ತದೆ, ಯಂತ್ರ ಹಳೆಯ ದಾರಿಯಲ್ಲೇ ಅಡ್ಡಡ್ಡವಾಗಿ ಜಾರುತ್ತದೆ. ಅದರ ಜೊತೆಗೆ ಒಳಗಿನ ಬದಿಗೆ ತುಸು ರೋಲ್, ವಾಲಿದ್ದಕ್ಕೆ ತುಸು ಥ್ರಾಟಲ್, ಮುಂದೆ ಹೋಗಲು ತುಸು ಪಿಚ್, ನಾಲ್ಕೂ ಒಟ್ಟಿಗೆ ಬೇಕು. ಪ್ರತಿ ಸುತ್ತಿನಲ್ಲೂ ಎರಡು ಸಲ ಅದು ನನ್ನ ಎದುರಿಗೆ ಬರುತ್ತದೆ, ಎರಡು ಸಲ ಎಡಬಲಗಳು ಅದಲುಬದಲಾಗುತ್ತವೆ. ತಂಗಿ ಬಾಗಿಲಲ್ಲಿ ನಿಂತು ಎಣಿಸುತ್ತಾಳೆ. ನಿನ್ನೆಯ ಪುಟದಲ್ಲಿ ಹೀಗಿದೆ: “128. ಎಂಟು, ನಾಲ್ಕು ಸಲ ಪೂರ್ತಿ. ಐದನೆಯದು ಬಲಗಡೆಯ ಕುರ್ಚಿಗೆ.” ಅದರ ಕೆಳಗೆ ಅವಳ ಕೈಬರಹದಲ್ಲಿ ಒಂದು ತಿದ್ದುಪಡಿ: “ಅದಕ್ಕೆ ಎಡಗಡೆ.”